ಎಡಕ್ಕೆ ವಾಲುವ ವೇಣಿ

ನಿಪ್ಪಾಣಿಯ ವಾರದ ಸಂತೆಯಲ್ಲಿ ಅಂದು ನನಗೆ ಏನೂ ಕೆಲಸವಿರಲಿಲ್ಲ. ಜೊತೆಯ ಶಿಕ್ಷಕಿಯೊಬ್ಬರ ಮನೆಯ ಮದುವೆ ಮುಗಿಸಿಕೊಂಡು ಬಂದಿದ್ದೆ. ಚಿಕ್ಕೋಡಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಸುಮ್ಮನೆ ಸಂತೆಯೊಳಗೆ ಹಾಯ್ದು ಹೊರಟಿದ್ದೆ. ಮೆಣಸಿನಕಾಯಿ ರಾಶಿಗಳ ಆಚೆ ಒಬ್ಬ ವಯಸ್ಸಾದ ಹೆಂಗಸು ಬಿದಿರಿನ ಬುಟ್ಟಿಗಳನ್ನು ಬೋರಲು ಹಾಕಿಕೊಂಡು ಕೂತಿದ್ದಳು. ಅದರಲ್ಲಿ ಒಂದನ್ನು ಕೈಗೆತ್ತಿಕೊಂಡವಳು ಅಲ್ಲೇ ನಿಂತುಬಿಟ್ಟೆ.

ಬುಟ್ಟಿಯ ಬಾಯಿಯ ಸುತ್ತ ತೆಳ್ಳನೆಯ ಬಿದಿರು ಸೀಳುಗಳನ್ನು ಜಡೆಯ ಹಾಗೆ ಹೆಣೆದಿದ್ದರು. ಬುಟ್ಟಿಗೆ ಯಾರೂ ಹಾಗೆ ಅಂಚು ಕಟ್ಟುವುದಿಲ್ಲ. ಅದು ಚಪ್ಪಲಿಯ ಪಟ್ಟಿಯ ಮೇಲೆ ಸಣ್ಣ ತೊಗಲಿನ ಬಾರುಗಳಿಂದ ಹೆಣೆಯುವ ಜಡೆ. ನಮ್ಮಲ್ಲಿ ಅದಕ್ಕೆ ವೇಣಿ ಅನ್ನುತ್ತೇವೆ. ಅಷ್ಟೇ ಆಗಿದ್ದರೆ ನಾನು ಮೆಚ್ಚಿ ಮುಂದೆ ಹೋಗುತ್ತಿದ್ದೆನೋ ಏನೋ. ಆದರೆ ಈ ವೇಣಿ ಎಡಕ್ಕೆ ವಾಲಿತ್ತು. ಲೋಕದ ವೇಣಿಯೆಲ್ಲ ಬಲಕ್ಕೆ ವಾಲುತ್ತದೆ. ಎಡಗೈಯಲ್ಲಿ ಹೆಣೆಯುವವಳು ನಾನು ಕಂಡಂತೆ ಒಬ್ಬಳೇ. ಅವಳು ನನ್ನ ಅಕ್ಕ. ಅವಳನ್ನು ನೋಡಿ ಇಪ್ಪತ್ತೆರಡು ವರ್ಷವಾಗಿತ್ತು.

ನಾವು ಅಥಣಿ ತಾಲ್ಲೂಕಿನವರು, ಚಪ್ಪಲಿ ಮಾಡುವ ಮನೆತನ. ಅಪ್ಪ ತಳ ಕತ್ತರಿಸಿ, ಬಡಿದು, ಹದ ಮಾಡುತ್ತಿದ್ದ. ಅವ್ವ ತೊಗಲಿನ ದಾರದಿಂದ ಹೊಲಿಯುತ್ತಿದ್ದಳು. ಮೊಳೆ ಎಂಬುದು ನಮ್ಮ ಮನೆಯೊಳಗೆ ಬರುತ್ತಿರಲಿಲ್ಲ. ವೇಣಿ ಮಾತ್ರ ಅಕ್ಕನದು. ಅವಳು ಹತ್ತು ವರ್ಷದವಳಿದ್ದಾಗಲೇ ಅವ್ವನ ಕೈಯಿಂದ ಅದನ್ನು ಕಿತ್ತುಕೊಂಡಳಂತೆ. ನನಗೆ ಆ ಕೈ ಬರಲಿಲ್ಲ. ನಾನು ಹೆಣೆದದ್ದನ್ನು ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ನೀ ಸಾಲಿಗೆ ಹೋಗವ್ವ" ಎಂದಿದ್ದ. ಹಾಗಾಗಿ ನಾನು ಶಾಲೆ ಕಲಿತೆ.

ಕುಡಚಿಯ ವ್ಯಾಪಾರಿ ಚಾಚಾ ಒಬ್ಬರು ನಮ್ಮ ಮನೆಯ ಜೋಡುಗಳನ್ನು ಒಯ್ಯುತ್ತಿದ್ದರು. ಒಮ್ಮೆ ಅವರು ಒಂದು ಜೋಡನ್ನು ಕಣ್ಣಿನ ಹತ್ತಿರ ಹಿಡಿದು, "ಇದರ ವೇಣಿ ಉಲ್ಟಾ ಹೊಂಟೈತಲ್ರಿ" ಎಂದರು. ಅಪ್ಪ ತಲೆ ಎತ್ತದೆ, "ನನ್ನ ಹಿರಿ ಮಗಳ ಕೈ ಅದ. ಬ್ಯಾಡಾದ್ರ ಇಟ್ಟು ಹೋಗ್ರಿ" ಎಂದ. ಚಾಚಾ ಇಟ್ಟು ಹೋಗಲಿಲ್ಲ. ಮುಂದೆ ಅವರೇ ಎಡವೇಣಿಯ ಜೋಡು ಬೇಕೆಂದು ಕೇಳಿ ಒಯ್ಯತೊಡಗಿದರು. ಅಪ್ಪನಿಗೆ ಅವಳ ಮೇಲೆ ಎಂಥ ಹೆಮ್ಮೆ ಇತ್ತೆಂದು ಹೇಳಲು ಇದನ್ನು ಬರೆದೆ. ಅಷ್ಟು ಹೆಮ್ಮೆ ಇದ್ದುದಕ್ಕೇ ಮುಂದಿನದು ಹಾಗಾಯಿತೋ ಏನೋ.

ತೊಗಲು ಹದಮಾಡಲು ಜಾಲಿಯ ತೊಗಟೆ ಬೇಕು, ಅಳಲೆಕಾಯಿ ಬೇಕು. ಜಾಲಿ ನಮ್ಮ ಹೊಲದ ಬದುವಿನಲ್ಲೇ ಸಿಗುತ್ತಿತ್ತು. ಅಳಲೆ ಮಾತ್ರ ಪಡುವಣದ ಬೆಟ್ಟಗಳಿಂದ ಬರಬೇಕು. ಈಗ ಚಾಂದೋಲಿ ರಾಷ್ಟ್ರೀಯ ಉದ್ಯಾನ ಇರುವ ಕಡೆಯ ಬೆಟ್ಟದಿಂದ ಒಬ್ಬ ಯುವಕ ಪ್ರತಿವರ್ಷ ಅಳಲೆಕಾಯಿಯ ಚೀಲಗಳನ್ನು ತರುತ್ತಿದ್ದ. ಅವನಿಗೆ ಕನ್ನಡ ಬಾರದು. ಅಕ್ಕನಿಗೆ ಮರಾಠಿ ಬರುತ್ತಿತ್ತು. ಅವನು ಎಮ್ಮೆ ಸಾಕುವ ಮನೆತನದವನು, ಬೇರೆ ಜಾತಿಯವನು. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮೂರನೆಯ ವರ್ಷ ಅವನು ಬಂದು ಹೋದ ವಾರಕ್ಕೆ, ಒಂದು ಮುಂಜಾನೆ, ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಆಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ.

"ನಾ ಹೊಂಟೀನಿ. ಅವ ಕಾಗವಾಡದಾಗ ನಿಂತಿರ್ತಾನ. ಮಧ್ಯಾಹ್ನದ ತನಕ ಯಾರಿಗೂ ಹೇಳಬ್ಯಾಡ" ಎಂದಳು.

ನಾನು ತಲೆ ಅಲ್ಲಾಡಿಸಿದೆ. ಅವಳು ಹೋಗಿ ಅರ್ಧ ತಾಸೂ ಆಗಿರಲಿಲ್ಲ, ಹೆದರಿ ಅವ್ವನಿಗೆ ಹೇಳಿಬಿಟ್ಟೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಕೈಯಲ್ಲಿದ್ದ ತೊಗಲು ಕತ್ತರಿಸುವ ರಾಪಿಯನ್ನು ಕೆಳಗಿಟ್ಟು, ಪಕ್ಕದ ಮನೆಯವರ ಸೈಕಲ್ ತೆಗೆದುಕೊಂಡು ಅಥಣಿ ಬಸ್ ನಿಲ್ದಾಣಕ್ಕೆ ಹೋದ.

ಅಲ್ಲಿ ನಡೆದದ್ದನ್ನು ಅಪ್ಪ ಎಂದೂ ಹೇಳಲಿಲ್ಲ. ನಿಲ್ದಾಣದಲ್ಲಿದ್ದ ನಮ್ಮೂರಿನವರಿಂದ ತಿಳಿಯಿತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಮುಂದೆ ಹೋಗಿ ನಿಂತು, "ನಾ ಮಾಡಿದ ಚಪ್ಪಲಿ ಬಿಟ್ಟು ಹೋಗು" ಎಂದನಂತೆ. ಅಕ್ಕ ಬಿಟ್ಟಳು. ಬರಿಗಾಲಲ್ಲಿ ಮೀರಜಿನ ಬಸ್ಸು ಹತ್ತಿದಳು. ಅಪ್ಪ ಆ ಜೋಡನ್ನು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿಕೊಂಡು ಮನೆಗೆ ಬಂದ. ಗೋಡೆಯ ಗೂಟಕ್ಕೆ ಹಾಕಿದ. ಮರುದಿನದಿಂದ ಬೆಟ್ಟದ ಅಳಲೆ ನಮ್ಮ ಮನೆಗೆ ಬರಲಿಲ್ಲ. ಅಪ್ಪ ಹದಮಾಡಿದ ತೊಗಲನ್ನೇ ಹೊರಗಿನಿಂದ ತರಲು ಶುರುಮಾಡಿದ.

ಅಕ್ಕನಿಂದ ಸುದ್ದಿ ಬರಲಿಲ್ಲ. ಅವಳಿಗೆ ಬರೆಯಲು ಬಾರದು. ಅವಳ ಹಳ್ಳಿಯ ಹೆಸರು ಕೂಡ ನಮಗೆ ಗೊತ್ತಿರಲಿಲ್ಲ. ಬೆಟ್ಟದಲ್ಲಿ ಕಾಡು ಉಳಿಸಲೆಂದು ಕೆಲವು ಊರುಗಳನ್ನು ಬಯಲಿಗೆ ಸರಿಸಿದರೆಂದು ಒಮ್ಮೆ ಕೇಳಿದೆವು. ಅವಳೂ ಎಲ್ಲಿಗೋ ಸರಿದಿರಬೇಕು ಅಂದುಕೊಂಡೆವು. ನಾನು ಶಿಕ್ಷಕಿಯಾಗಿ ಚಿಕ್ಕೋಡಿಗೆ ಬಂದೆ. ಕೆಲ ವರ್ಷದ ಮೇಲೆ ಅಪ್ಪ ತೀರಿಕೊಂಡ. ಮಣ್ಣು ಮಾಡುವಾಗ ಅವ್ವ ಗೂಟದಲ್ಲಿದ್ದ ಆ ಜೋಡನ್ನು ತೆಗೆದು ತಂದು ಅವನ ಕಾಲ ಹತ್ತಿರ ಇಟ್ಟಳು. ಆಮೇಲೆ ಅವ್ವ ನನ್ನ ಜೊತೆ ಇರಲು ಬಂದಳು.

ನಾನೇ ಹೇಳಿಬಿಟ್ಟೆ ಎಂಬ ಮಾತು ಮಾತ್ರ ಆ ಇಪ್ಪತ್ತೆರಡು ವರ್ಷ ನನ್ನೊಳಗೆ ಕೂತೇ ಇತ್ತು. ನಾನು ಸುಮ್ಮನಿದ್ದಿದ್ದರೆ ಅವಳು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದಳು. ಯಾವಾಗಾದರೂ ತಿರುಗಿ ಬರಲು ಒಂದು ದಾರಿ ಉಳಿಯುತ್ತಿತ್ತು.

ಇಷ್ಟೆಲ್ಲ ಆ ಸಂತೆಯಲ್ಲಿ ಬುಟ್ಟಿ ಹಿಡಿದು ನಿಂತಾಗ ಒಮ್ಮೆಲೇ ಬಂತು. ಇದನ್ನು ಯಾರು ಹೆಣೆದರು ಎಂದು ಮರಾಠಿಯಲ್ಲಿ ಕೇಳಿದೆ. ಮುದುಕಿ ನನ್ನ ಮುಖ ನೋಡಿ, ತನ್ನ ತವರಿನ ಕಡೆಯ ಹೆಂಗಸು, ಅಲ್ಲಿಯವರು ಅವಳನ್ನು 'ಕಾನಡೀಣ' ಎಂದು ಕರೆಯುತ್ತಾರೆ ಎಂದಳು. ಕನ್ನಡದವಳು ಎಂದರ್ಥ. ಉದ್ಯಾನದ ಅಂಚಿನ ಬೆಟ್ಟದ ಮೇಲೆ ಕೆಲವೇ ಮನೆಗಳ ವಾಡಿಯೊಂದಿದೆ, ಮಲಕಾಪುರದಿಂದ ಜೀಪು, ಆಮೇಲೆ ಕಾಲುದಾರಿ ಎಂದು ಹೇಳಿದಳು. ನಾನು ಬುಟ್ಟಿ ಕೊಂಡು ಮನೆಗೆ ಬಂದೆ.

ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಬುಟ್ಟಿಯನ್ನು ಅವಳ ಮಡಿಲಲ್ಲಿಟ್ಟೆ. ಅಂಚಿನ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಕೈ ನಿಂತಿತು.

"ಎಲ್ಲಿ ಅದಾಳ?" ಎಂದಳು.

ಹೇಳಿದೆ. ಅವ್ವ ಅಳಲಿಲ್ಲ. ಅಥಣಿಯ ನನ್ನ ಸೋದರಮಾವನಿಂದ ಒಳ್ಳೆಯ ತೊಗಲು ತರಿಸಲು ಹೇಳಿದಳು. ಅಪ್ಪನ ಉಪಕರಣಗಳ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ತಳ ಕತ್ತರಿಸಿದ್ದು ತೊಗಲು ತಂದ ಮಾವ, ಹೊಲಿದದ್ದು ಅವ್ವ. ಸೂಜಿ ಕಾಣದಿದ್ದರೂ ರಂಧ್ರ ಎಲ್ಲಿದೆ ಎಂದು ಅವಳ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಅಳತೆ ಏನೆಂದು ಮಾವ ಕೇಳಿದಾಗ ತನ್ನ ಗೇಣು ಚಾಚಿ, ಅದರ ಮೇಲೆ ಎರಡು ಬೆರಳು ಇಟ್ಟು ತೋರಿಸಿದಳು. "ನನ್ನ ಮಗಳ ಕಾಲು ನನಗ ಗೊತ್ತಿಲ್ಲೇನ?" ಎಂದಳು. ಪಟ್ಟಿಯ ಮೇಲೆ ವೇಣಿ ಹಾಕಲಿಲ್ಲ. "ಅದ ಆಕಿ ಕೆಲಸ. ಆಕೀನ ಹಾಕ್ಕೋತಾಳ."

ದೀಪಾವಳಿ ರಜೆಯಲ್ಲಿ ಹೊರಟೆ. ನಿಪ್ಪಾಣಿ ದಾಟಿ ಕೊಲ್ಹಾಪುರ, ಅಲ್ಲಿಂದ ಮಲಕಾಪುರ, ಅಲ್ಲಿಂದ ಜೀಪು. ಜೀಪು ನಿಂತ ಕಡೆ ಅರಣ್ಯದವರ ಒಂದು ನಾಕಾ ಇತ್ತು. ಕಾವಲುಗಾರ ಪುಸ್ತಕದಲ್ಲಿ ನನ್ನ ಹೆಸರು ಬರೆಸಿಕೊಂಡು, ಬಲಕ್ಕೆ ಹೊರಳುವ ದಾರಿ ಉದ್ಯಾನದ ಒಳಗೆ ಹೋಗುತ್ತದೆ, ಅತ್ತ ಹೆಜ್ಜೆ ಇಡಬೇಡಿ, ಕಾಡುಕೋಣ ಇವೆ ಎಂದು ಎಚ್ಚರಿಸಿದ. ಎಡದ ದಾರಿ ಹಿಡಿದೆ.

ಬಯಲಿನ ಕಾಲು ನನ್ನದು. ನಮ್ಮ ಕಡೆ ಕಬ್ಬಿನ ನಡುವೆ ಎಷ್ಟು ದೂರ ನಡೆದರೂ ನೆಲ ಚಪ್ಪಟೆ. ಇಲ್ಲಿ ಕೆಂಪು ಕಲ್ಲಿನ ಏರು, ಹೆಜ್ಜೆ ಇಟ್ಟಲ್ಲಿ ಜಾರುವ ಜಲ್ಲಿ. ಎರಡೂ ಕಡೆ ಆಳೆತ್ತರದ ಕಾರವಿ ಗಿಡಗಳು. ಮೂರು ಕಡೆ ಕೂತು ಸುಧಾರಿಸಿಕೊಂಡೆ. ಮೂರನೆಯ ಕಡೆ ಕೂತಾಗ ತಲೆಯ ಮೇಲಿದ್ದುದು ಅಳಲೆಯ ಮರ ಎಂದು ಕಾಲಬುಡದಲ್ಲಿ ಬಿದ್ದ ಹಳೆಯ ಕಾಯಿಯಿಂದ ಗೊತ್ತಾಯಿತು. ಹುಟ್ಟಿನಿಂದ ಆ ಕಾಯಿಯ ವಾಸನೆಯಲ್ಲೇ ಬೆಳೆದವಳು, ಮರ ನೋಡಿದ್ದು ಅದೇ ಮೊದಲು.

ಏರು ಮುಗಿದು ಬಯಲು ಬಂದಾಗ ಎಮ್ಮೆಗಳ ಹಿಂಡು ಕಂಡಿತು. ಅದರ ಹಿಂದೆ ಯಾರೋ ಕೂಗುವುದು ಕೇಳಿತು.

"ಏ ಕರೆವ್ವಾ, ಆ ಕಡಿ ಎಲ್ಲಿ ಹೊಂಟಿ ಬೇ? ಹೊಳ್ಳಿ ಬಾ!"

ಮಹಾರಾಷ್ಟ್ರದ ಆ ಬೆಟ್ಟದ ತುದಿಯಲ್ಲಿ ಅಥಣಿಯ ಕನ್ನಡ. ನಾನು ನಿಂತಲ್ಲೇ ನಿಂತೆ. ಎಮ್ಮೆ ಹೊರಳಿತು. ಅದರ ಹಿಂದೆ ಕಚ್ಚೆಸೀರೆಯ ಹೆಂಗಸೊಬ್ಬಳು ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕೋಲು ಎಡಗೈಯಲ್ಲಿತ್ತು.

ನನ್ನನ್ನು ನೋಡಿ ಮರಾಠಿಯಲ್ಲಿ ಯಾರು ಬೇಕು ಎಂದು ಕೇಳಿದಳು. "ಅಕ್ಕಾ, ನಾ" ಎಂದಷ್ಟೇ ಅಂದೆ.

ಕೋಲು ಬಿಟ್ಟು ಬಂದು ನನ್ನ ಎರಡೂ ಕೆನ್ನೆ ಹಿಡಿದಳು. ಬಹಳ ಹೊತ್ತು ನೋಡಿದಳು. "ಎಷ್ಟ ದಪ್ಪ ಆಗೀಯಲ್ಲ ಬೇ ನೀ" ಎಂದಳು. ಇಬ್ಬರೂ ನಗುತ್ತ ಅಳುತ್ತ ಅಲ್ಲೇ ಕೂತೆವು. ಎಮ್ಮೆಗಳು ತಮ್ಮಷ್ಟಕ್ಕೆ ಮನೆಯ ದಾರಿ ಹಿಡಿದವು.

ಕಾರವಿಯ ಕಡ್ಡಿ ಹೆಣೆದು ಮಣ್ಣು ಸಗಣಿ ಮೆತ್ತಿದ ಗೋಡೆಯ ಮನೆ ಅವಳದು. ಭಾವನವರು, ಅಂದರೆ ಅಕ್ಕನ ಗಂಡ, ಮೊದಲಿನಂತೆಯೇ ಮಾತು ಕಡಿಮೆ. ನನ್ನನ್ನು ಕಂಡು ಕೈ ಮುಗಿದು, ನೀರು ಕೊಟ್ಟು, ಅಕ್ಕ ತಂಗಿಯರನ್ನು ಬಿಟ್ಟು ಹೊರಗೆ ಹೋದರು. ಒಬ್ಬಳೇ ಮಗಳು, ಮದುವೆಯಾಗಿ ಘಟ್ಟದ ಕೆಳಗೆ ಕೊಂಕಣದಲ್ಲಿದ್ದಾಳೆ. ಅಪ್ಪ ತೀರಿಕೊಂಡದ್ದು ಅಕ್ಕನಿಗೆ ಗೊತ್ತಿರಲಿಲ್ಲ. ಹೇಳಿದೆ. ಅವಳ ಚಪ್ಪಲಿಯನ್ನು ಅವ್ವ ಅವನ ಜೊತೆ ಮಣ್ಣಿಗಿಟ್ಟದ್ದನ್ನೂ ಹೇಳಿದೆ. ಅವಳು ಒಲೆಯ ಮುಂದೆ ಕೂತು ನಾಚಣಿಯ, ಅಂದರೆ ರಾಗಿಯ, ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಾತ್ರ ಹೊತ್ತಿತು.

ಊಟವಾದ ಮೇಲೆ ಅವ್ವ ಕೊಟ್ಟ ಗಂಟು ಬಿಚ್ಚಿದೆ. ಅಕ್ಕ ಹೊಸ ಜೋಡನ್ನು ಮೂಗಿಗೆ ಹಿಡಿದು ಮೂಸಿದಳು. ಹೊಲಿಗೆಯ ಮೇಲೆ ಬೆರಳಾಡಿಸಿ, "ಅವ್ವನ ಕೈ ಇನ್ನೂ ಗಟ್ಟಿ ಐತಿ" ಎಂದಳು. ಆಮೇಲೆ ಕಾಲು ತೂರಿಸಲು ನೋಡಿದಳು. ಹೋಗಲಿಲ್ಲ. ಇಷ್ಟು ವರ್ಷ ಬರಿಗಾಲಲ್ಲಿ ಕಲ್ಲು ತುಳಿದು ಅವಳ ಪಾದ ಅಗಲವಾಗಿತ್ತು, ಬೆರಳುಗಳು ಬಿಚ್ಚಿಕೊಂಡಿದ್ದವು. ಅವ್ವನ ಗೇಣಿನಲ್ಲಿ ಇಪ್ಪತ್ತು ವರ್ಷದ ಹುಡುಗಿಯ ಪಾದವಿತ್ತು.

ನನಗೆ ಅಳು ಒತ್ತಿ ಬಂತು. ಅಕ್ಕ ನಕ್ಕಳು. "ಅದಕ್ಕೇನ್ ಆತು? ಬಿಚ್ಚಿ ಕಟ್ಟಿದ್ರ ಆತು" ಎಂದು ಪಟ್ಟಿಯನ್ನು ನೀರಲ್ಲಿ ನೆನೆಹಾಕಿದಳು. ರಾಪಿ ಇರಲಿಲ್ಲ. ಬಿದಿರು ಸೀಳುವ ಕತ್ತಿ ತಂದಳು. ಅಂಗಳದ ಬಿಸಿಲಲ್ಲಿ ಕೂತು ಅವ್ವನ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿ, ಪಟ್ಟಿ ಸಡಿಲಿಸಿ ಮತ್ತೆ ಹೊಲಿಯತೊಡಗಿದಳು. ನಾನು ಎದುರು ಕೂತೆ. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಅನಿಸಿತು.

"ಅಕ್ಕಾ, ಅವತ್ತ ಅಪ್ಪಗ ಗೊತ್ತಾಗಿದ್ದು ನನ್ನಿಂದ. ಮಧ್ಯಾಹ್ನದ ತನಕ ತಡೀಲಿಲ್ಲ ನಾ."

ಅವಳು ತಲೆ ಎತ್ತಲಿಲ್ಲ. "ಗೊತ್ತೈತಿ."

"ಯಾರ ಹೇಳಿದ್ರು?"

"ಯಾರ್ಯಾಕ ಹೇಳಬೇಕ? ನೀ ಸಣ್ಣಾಕಿದ್ದಾಗಿಂದ ಒಂದ ಮಾತರ ಹೊಟ್ಟ್ಯಾಗ ಇಟ್ಕೊಂಡೀಯೇನ? ನೀ ಹೇಳ್ತಿ ಅಂತನ ನಿನಗ ಹೇಳಿದ್ದೆ."

ನನಗೆ ಅರ್ಥವಾಗಲಿಲ್ಲ. ಅವಳು ದಾರವನ್ನು ಹಲ್ಲಿನಿಂದ ಕಡಿದು ನನ್ನ ಕಡೆ ನೋಡಿದಳು.

"ಅಪ್ಪ ಬರಲಿ ಅಂತ. ಅಪ್ಪ ಬಂದು ಏನರ ಅನ್ನಲಿ ಅಂತ. ನಿಲ್ಲು ಅಂದಿದ್ರ ನಿಲ್ತಿದ್ದೆನೋ ಏನೋ, ಈಗ ಹ್ಯಾಂಗ ಹೇಳ್ಲಿ? ಹೋಗಿ ಬಾ ಅಂದಿದ್ರ ಕುಣ್ಕೋತ ಹೋಗ್ತಿದ್ದೆ. ಎರಡ ಬಸ್ ಬಿಟ್ಟೆ ನಾ, ಅಪ್ಪನ ದಾರಿ ಕಾಕೋತ. ಅತ್ಲಾಗ ಕಾಗವಾಡದಾಗ ಇವರು, ಈಕಿ ಬರೂದಿಲ್ಲ ಅಂತ ತಿಳ್ಕೊಂಡು ಹೊಂಟ ನಿಂತಿದ್ರಂತ."

"ಅಪ್ಪ ಬಂದು ಹಂಗಂದ..."

"ಹಂಗಂದ. ಆದ್ರ ಬಂದಾ ನೋಡು." ಅವಳು ಮತ್ತೆ ಸೂಜಿ ಎತ್ತಿಕೊಂಡಳು. "ನಾ ಚಪ್ಪಲಿ ಬಿಟ್ಟಾಗ ಅಂವ ಬಗ್ಗಿ ಎತ್ತಿಕೊಂಡ. ಎದಿಗೆ ಹಿಡಕೊಂಡಿದ್ದ. ಬಸ್ ಹೊಂಟಾಗ ನೋಡಿದೆ, ಹಂಗ ಹಿಡಕೊಂಡ ನಿಂತಿದ್ದ."

ಇಪ್ಪತ್ತೆರಡು ವರ್ಷ ನಾನು ತಪ್ಪೆಂದು ಹೊತ್ತುಕೊಂಡಿದ್ದುದು ತಪ್ಪೇ ಆಗಿರಲಿಲ್ಲ ಎಂದು ತಿಳಿದಾಗ ಹಗುರಾಗಬೇಕಿತ್ತು. ಹಾಗಾಗಲಿಲ್ಲ. ಅಷ್ಟೂ ವರ್ಷ ಚಪ್ಪಲಿ ತೂಗುತ್ತಿದ್ದ ಗೂಟದ ಕಡೆ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಿದ್ದ ಅಪ್ಪ, ಬೆಟ್ಟದ ಮೇಲೆ ಅಪ್ಪನ ದಾರಿ ನೋಡುತ್ತಿದ್ದ ಇವಳು, ಇಬ್ಬರ ನಡುವೆ ಕೇವಲ ಒಂದು ದಿನದ ಹಾದಿ. ಯಾರಾದರೂ ಒಬ್ಬರು ಹೊರಟಿದ್ದರೆ ಸಾಕಿತ್ತು. ನಾನಾದರೂ ಹೊರಡಬಹುದಿತ್ತು.

ಸಂಜೆಯೊಳಗೆ ಜೋಡು ಅವಳ ಕಾಲಿಗೆ ಕೂತಿತು. ವೇಣಿಗೆ ಬಾರು ಸಾಲದೆ ಬಂತು, ಒಂದೇ ಪಟ್ಟಿಗೆ ಹೆಣೆದಳು. ಬೆರಳುಗಳು ಮೊದಲು ತಡವರಿಸಿದವು. ತೊಗಲು ಬಿದಿರಿನ ಹಾಗಲ್ಲ, ಎಳೆದರೆ ಹಿಗ್ಗುತ್ತದೆ ಎಂದು ಗೊಣಗಿದಳು. ಬಿದಿರು ಕಲಿಸಿದ್ದು ಅವಳ ಅತ್ತೆಯಂತೆ. ಗದ್ದೆ ನಾಟಿ ಮಾಡುವಾಗ ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಇರ್ಲೆ, ಬುಟ್ಟಿ, ಮೊರ, ಎಲ್ಲ ಕಲಿತಳಂತೆ. "ವೇಣಿ ಹಾಕೂದ ಬ್ಯಾಡ, ಬುಟ್ಟಿಗೆ ಅದೆಲ್ಲ ಯಾಕ ಅಂತಿದ್ರು ಅತ್ತಿ. ಕೈ ಕೇಳಬೇಕಲ್ಲ?"

ಮರುದಿನ ಅವಳು ನನ್ನನ್ನು ಬೆಟ್ಟ ಸುತ್ತಿಸಲು ಕರೆದುಕೊಂಡು ಹೋದಳು. ಹಿಂದೆ ಜನ ಅಕ್ಕಿ ಉಪ್ಪು ಹೊತ್ತು ಕೊಂಕಣಕ್ಕೆ ಇಳಿಯುತ್ತಿದ್ದ ಹಳೆಯ ದಾರಿ ಹಿಡಿದೆವು. ಅದು ಉದ್ಯಾನದ ಗಡಿಯ ಕಲ್ಲಿನ ಪಕ್ಕದಲ್ಲೇ ಸಾಗುತ್ತದೆ. ಕಲ್ಲಿನ ಆಚೆ ಅಳಲೆಯ ದೊಡ್ಡ ದೊಡ್ಡ ಮರಗಳು. ಈಗ ಅಲ್ಲಿಯ ಕಾಯಿ ಮುಟ್ಟುವಂತಿಲ್ಲ. ತಮ್ಮ ಬದುವಿನಲ್ಲಿರುವ ನಾಲ್ಕಾರು ಮರಗಳದ್ದನ್ನೇ ಆರಿಸುತ್ತಾರೆ. ಅವಳಿಗೆ ಅದರ ಬಗ್ಗೆ ದೂರಿರಲಿಲ್ಲ. "ಮಂಗ್ಯಾ, ಕೋಣ ಎಲ್ಲಾ ತಿನ್ನಬೇಕಲ್ಲ" ಎಂದಳು. ಅವಳು ನಡೆಯುವುದನ್ನು ಹಿಂದಿನಿಂದ ನೋಡುತ್ತ ಹೋದೆ. ಹೊಸ ಚಪ್ಪಲಿ ಕಾಲಲ್ಲಿ ಕರಕರ ಸದ್ದು ಮಾಡುತ್ತಿತ್ತು. ಅರ್ಧ ದಾರಿಯಲ್ಲಿ ಅವಳು ಅದನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಾಲಿಗೆ ಕಲ್ಲು ತಿಳೀವಲ್ದು" ಎಂದು ನಾಚಿಕೊಂಡಳು.

ಬೆಟ್ಟದ ನೆತ್ತಿಯ ಒಂದು ಬಂಡೆಯ ಮೇಲೆ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ನಾನು ಅವ್ವನಿಗೆ ಹಚ್ಚಿ ಕೊಟ್ಟೆ. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ಅವ್ವಾ" ಎಂದಳು.

"ಊಟ ಆತೇನ?" ಎಂದು ಅವ್ವ ಕೇಳಿದ್ದು ನನಗೂ ಕೇಳಿಸಿತು.

"ಆತು. ನಿಂದು?"

"ಇನ್ನ ಮಾಡಬೇಕ."

ಅಷ್ಟೇ ಮಾತಾಡಿದರು. ಫೋನಿಟ್ಟ ಮೇಲೆ ಅಕ್ಕ ಮೂಡಣದ ಕಡೆ ಮುಖ ಮಾಡಿ ಬಂಡೆಯ ಮೇಲೆ ಕೂತಳು. ಎಷ್ಟೋ ಗುಡ್ಡಗಳ ಆಚೆ ಬಯಲು ಮಬ್ಬಾಗಿ ಕಾಣುತ್ತಿತ್ತು. ಅದರಲ್ಲಿ ನಮ್ಮೂರು ಯಾವ ಕಡೆ ಎಂದು ನನಗೆ ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಂದಾಜಿಗೆ ಕೈ ತೋರಿಸಿದೆ. ಅವಳು ಆ ಕಡೆಯನ್ನೇ ನೋಡುತ್ತ ಕೂತಳು.

ಭತ್ತದ ಕಟಾವು ಮುಗಿದ ಮೇಲೆ, ಆ ಚಳಿಗಾಲದಲ್ಲಿ, ಅಕ್ಕ ಚಿಕ್ಕೋಡಿಗೆ ಬಂದಳು. ಭಾವನವರೇ ತಂದು ಬಿಟ್ಟು, ಒಂದು ಚಹಾ ಕುಡಿದು ಹೊರಟುಹೋದರು. ಅವ್ವ ಮಗಳ ಮುಖ ಸವರಿದಳು, ಕೈ ಸವರಿದಳು. ಬಿದಿರು ಕುಯ್ದ ಗೀರುಗಳನ್ನು ಒಂದೊಂದಾಗಿ ಮುಟ್ಟಿ ಇದು ಯಾವಾಗಿನದು, ಇದು ಯಾವಾಗಿನದು ಎಂದು ಕೇಳಿದಳು. ಅಕ್ಕ ಪ್ರತಿಯೊಂದಕ್ಕೂ ಉತ್ತರ ಹೇಳಿದಳು. ಅದಕ್ಕೇ ಒಂದು ಮಧ್ಯಾಹ್ನ ಹೋಯಿತು. ಅಪ್ಪನ ವಿಷಯ ಇಬ್ಬರೂ ಎತ್ತಲಿಲ್ಲ. ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬರೋಣವೇ ಎಂದು ನಾನು ಕೇಳಿದೆ. ಈ ಸಲ ಬೇಡ ಎಂದಳು.

ನಾಲ್ಕನೆಯ ದಿನ ಅವಳಿಗೆ ಚಡಪಡಿಕೆ ಶುರುವಾಯಿತು. ನೆಲ ಚಪ್ಪಟೆ, ನಡೆದರೂ ನಡೆದಂತಾಗುವುದಿಲ್ಲ ಎಂದಳು. ಆಮೇಲೆ ಎಮ್ಮೆಯ ಮಾತು ತೆಗೆದಳು. ಮನೆಯಲ್ಲಿ ಯಾರಿಗೂ ಕನ್ನಡ ಬಾರದ್ದರಿಂದ ಮೊದಲಿನಿಂದಲೂ ಎಮ್ಮೆಗಳ ಜೊತೆಯೇ ಕನ್ನಡ ಮಾತಾಡಿದವಳು ಅವಳು. "ಕರೆವ್ವ ಮರಾಠಿಗೆ ಹಾಲ ಬಿಡೂದಿಲ್ಲ" ಎಂದಳು. ನಾವು ನಕ್ಕೆವು. ಅವ್ವ ನಗುತ್ತಲೇ, "ಹೋಗಿ ಬಾರವ್ವ" ಎಂದಳು. ಅಂದು ನಿಲ್ದಾಣದಲ್ಲಿ ಅಪ್ಪ ಅನ್ನಲೆಂದು ಅಕ್ಕ ಕಾದಿದ್ದ ಮಾತು ಅದು. ಅವ್ವನ ಮಡಿಲಲ್ಲಿ ತಲೆ ಇಟ್ಟು ಚಿಕ್ಕ ಮಕ್ಕಳ ಹಾಗೆ ಅತ್ತಳು. ಅವ್ವ ಅವಳ ತಲೆ ಸವರುತ್ತ ಕೂತಳು.

ಆಮೇಲೆ ಅವಳು ಇಳಿದು ಬಂದಿಲ್ಲ. ಪ್ರತಿ ರಜೆಗೆ ನಾನೇ ಹತ್ತುತ್ತೇನೆ. ಕಾಲು ಈಗ ಅಷ್ಟು ಜಾರುವುದಿಲ್ಲ, ಒಂದೇ ಕಡೆ ಕೂತು ಹೋಗುತ್ತೇನೆ. ಬಿದಿರು ಸೀಳಲು ಕಲಿಯುತ್ತಿದ್ದೇನೆ. ನಾನು ಹೆಣೆದ ಮೊರ ಒಂದು ಕಡೆ ಜೋಲುತ್ತದೆ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೂಲೆಗಿಡುತ್ತಾಳೆ.

ಈಗ ಮಳೆಗಾಲ. ಬೆಟ್ಟದ ದಾರಿ ಹಳ್ಳವಾಗಿ ಹರಿಯುತ್ತಿರುತ್ತದೆ, ಬಂಡೆಯವರೆಗೆ ಹತ್ತಲಾಗುವುದಿಲ್ಲ, ಹಾಗಾಗಿ ಫೋನೂ ಇಲ್ಲ. ಚಿಕ್ಕೋಡಿಯಲ್ಲಿ ಬರೀ ಮೋಡ. ಅವ್ವ ಬಾಗಿಲಲ್ಲಿ ಕೂತು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುತ್ತಾಳೆ. ಪಡುವಣದಿಂದ ಎಂದರೆ, "ಅಲ್ಲಿ ಜೋರ ಹಿಡದೈತಿ ಹಂಗಾರ. ಆಕಿ ಇರ್ಲೆ ಹಾಕ್ಕೊಂಡ ಗದ್ದ್ಯಾಗ ನಿಂತಿರ್ಬೇಕ" ಎನ್ನುತ್ತಾಳೆ. ಇರ್ಲೆಯನ್ನು ಅವಳು ಕಂಡಿಲ್ಲ. ಹೇಗಿರುತ್ತದೆ ಎಂದು ನನ್ನಿಂದ ಎಷ್ಟೋ ಸಲ ಹೇಳಿಸಿಕೊಂಡಿದ್ದಾಳೆ. ದಸರಾ ರಜೆಗೆ ಇನ್ನೂ ಎರಡು ತಿಂಗಳಿದೆ.